ಎಲ್ಮ್ ಫೋರ್ಕ್ ದಂಡೆಯ ಒಲೆಬೂದಿ

ಡಲ್ಲಾಸ್ ನಗರದ ಉತ್ತರದ ಅಂಚಿಗೆ ಹೊಂದಿಕೊಂಡಿರುವ ಫಾರ್ಮರ್ಸ್ ಬ್ರಾಂಚ್ ಪಟ್ಟಣದ ಬರೆದಿಟ್ಟ ಚರಿತ್ರೆ 1840ರ ದಶಕದಿಂದ ಈಚಿನದು. ಟೆಕ್ಸಾಸ್ ಸ್ವತಂತ್ರ ಗಣರಾಜ್ಯವಾಗಿದ್ದ ಕಾಲದಲ್ಲಿ ಪೀಟರ್ಸ್ ಕಾಲೊನಿ ಎಂಬ ಭೂವಸಾಹತು ಯೋಜನೆಯಡಿ ಬಂದು ನೆಲೆಸಿದ ಒಕ್ಕಲು ಕುಟುಂಬಗಳು ಇಲ್ಲಿ ಉತ್ತದ್ದು, ಬಿತ್ತಿದ್ದು, ಪ್ರಾರ್ಥನಾಮಂದಿರ ಕಟ್ಟಿದ್ದು, ತಮ್ಮವರನ್ನು ಮಣ್ಣುಮಾಡಿದ್ದು ಇವೆಲ್ಲ ಕಾಗದಪತ್ರಗಳಲ್ಲಿಯೂ ಸಮಾಧಿಕಲ್ಲುಗಳಲ್ಲಿಯೂ ದಾಖಲಾಗಿವೆ. ಆದರೆ ಪಟ್ಟಣದ ಪಶ್ಚಿಮದ ಅಂಚಿನಲ್ಲಿ ಹರಿಯುವ ಎಲ್ಮ್ ಫೋರ್ಕ್, ಅಂದರೆ ಟ್ರಿನಿಟಿ ನದಿಯ ಒಂದು ಕವಲು, ಆ ದಾಖಲೆಗಳಿಗಿಂತ ಬಹಳ ಹಳೆಯ ಸಾಕ್ಷ್ಯವನ್ನು ತನ್ನ ದಂಡೆಯ ಮಣ್ಣಿನಲ್ಲಿ ಹೂತಿಟ್ಟುಕೊಂಡಿದೆ; ಅದೇ ನೀರಿನ ಜಾಡು ಹಿಡಿದು ಮೇಲಕ್ಕೆ ಹೋದರೆ ಸುಮಾರು 13,000 ವರ್ಷಗಳ ಹಿಂದೆಯೇ ಮನುಷ್ಯರು ಅದರ ಬದಿಯಲ್ಲಿ ಬೆಂಕಿ ಹೊತ್ತಿಸಿ, ಬೇಟೆಯನ್ನು ಹಂಚಿ ತಿಂದು, ಕಲ್ಲಿನ ಆಯುಧಗಳನ್ನು ಕೆತ್ತಿದ್ದರೆಂಬುದು ತಿಳಿದುಬರುತ್ತದೆ. ಈ ನದಿಯ ಬದಿಯ ಮಾನವ ಚರಿತ್ರೆಯಲ್ಲಿ ಬರವಣಿಗೆಗೆ ಸಿಕ್ಕಿರುವುದು ನೂರರಲ್ಲಿ ಎರಡು ಪಾಲೂ ಇಲ್ಲ.

ಉಳಿದ ತೊಂಬತ್ತೆಂಟು ಪಾಲಿನ ಕತೆ ತಿಳಿಯುವುದು ಪುರಾತತ್ತ್ವದಿಂದ ಮಾತ್ರ. ಈ ಶಾಸ್ತ್ರದ ಬಗ್ಗೆ ಜನರಲ್ಲಿ ಬೇರೂರಿರುವ ಕಲ್ಪನೆಯೆಂದರೆ, ನೆಲದಲ್ಲಿ ಒಂದು ಅಪರೂಪದ ವಸ್ತು ಸಿಗುತ್ತದೆ, ಅದು ಸಿಕ್ಕಿದ ದಿನವೇ ಚರಿತ್ರೆ ಬದಲಾಗುತ್ತದೆ ಎಂಬುದು. ಪತ್ರಿಕೆಗಳ ತಲೆಬರಹಗಳೂ ಈ ಕಲ್ಪನೆಗೆ ನೀರೆರೆಯುತ್ತವೆ. ವಾಸ್ತವದಲ್ಲಿ ಸಿಕ್ಕ ವಸ್ತು ತಾನಾಗಿ ಏನನ್ನೂ ಹೇಳುವುದಿಲ್ಲ. ಅದು ಯಾವ ಮಣ್ಣಿನ ಪದರದಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು, ಅಲ್ಲಿಗೆ ಹೇಗೆ ಬಂತು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ, ಆ ಉತ್ತರವನ್ನು ಒಪ್ಪದವರ ಆಕ್ಷೇಪಗಳೆಲ್ಲ ಮುಗಿದ ಮೇಲೆಯೇ, ಅದು ಚರಿತ್ರೆಯ ಸಾಕ್ಷ್ಯವಾಗುತ್ತದೆ. ಎಲ್ಮ್ ಫೋರ್ಕ್ ದಂಡೆಯ ಕೆಲವು ಒಲೆಗಳ ವಿಷಯದಲ್ಲಿ ಹೀಗಾಗಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು, ಮತ್ತು ಕೊನೆಯಲ್ಲಿ ದೊರೆತ ಉತ್ತರ ಮೊದಲು ಊಹಿಸಿದ್ದಕ್ಕಿಂತ ತೀರ ಬೇರೆಯಾಗಿತ್ತು.

ಫಾರ್ಮರ್ಸ್ ಬ್ರಾಂಚ್‌ನಿಂದ ಐ-35ಇ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿದರೆ ಸಿಗುವ ಲೂಯಿಸ್‌ವಿಲ್ ಜಲಾಶಯವನ್ನು ಇಂದು ಜನ ದೋಣಿವಿಹಾರಕ್ಕೂ ಮೀನು ಹಿಡಿಯುವುದಕ್ಕೂ ಬಳಸುತ್ತಾರೆ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಇದರ ಅಣೆಕಟ್ಟು ಏಳುತ್ತಿದ್ದಾಗ ಏರಿಗೆ ಬೇಕಾದ ಮಣ್ಣನ್ನು ನದಿಬಯಲಿನಲ್ಲಿಯೇ ಅಗೆದು ತೆಗೆಯಲಾಯಿತು, ಮತ್ತು ಹಾಗೆ ಬಿದ್ದ ದೊಡ್ಡ ಗುಂಡಿಯ ತಳದಲ್ಲಿ ಸುಟ್ಟು ಕೆಂಪಾದ ಮಣ್ಣಿನ ದುಂಡನೆಯ ಕಲೆಗಳು ಕಾಣಿಸಿಕೊಂಡವು. ಡಲ್ಲಾಸ್ ಪುರಾತತ್ತ್ವ ಸಂಘದ ಹವ್ಯಾಸಿ ಸಂಶೋಧಕರಾದ ವಿಲ್ಸನ್ ಕ್ರೂಕ್ ಮತ್ತು ಕಿಂಗ್ ಹ್ಯಾರಿಸ್ 1956ರಲ್ಲಿ, ಜಲಾಶಯ ತುಂಬುವ ಮೊದಲು ಸಿಕ್ಕಷ್ಟು ಸಮಯದಲ್ಲಿ, ಇವುಗಳನ್ನು ಬಿಡಿಸಿ ನೋಡಿದರು. ಇಪ್ಪತ್ತರಷ್ಟು ಒಲೆಗಳು, ಅವುಗಳಲ್ಲಿ ಇದ್ದಿಲು, ಸುಟ್ಟ ಮೂಳೆಗಳು, ಮತ್ತು ಒಂದು ಒಲೆಯಲ್ಲಿ ಕ್ಲೋವಿಸ್ ಮಾದರಿಯ ಒಂದು ಭರ್ಜಿಮೊನೆ ದೊರೆತವು.

ಕ್ಲೋವಿಸ್ ಮೊನೆಯೆಂದರೆ ಏನೆಂಬುದನ್ನು ಇಲ್ಲಿ ತುಸು ಹತ್ತಿರದಿಂದ ನೋಡಬೇಕು. ನ್ಯೂ ಮೆಕ್ಸಿಕೋ ರಾಜ್ಯದ ಕ್ಲೋವಿಸ್ ಪಟ್ಟಣದ ಬಳಿ 1930ರ ದಶಕದಲ್ಲಿ, ಅಳಿದುಹೋದ ದೈತ್ಯ ಆನೆಯಾದ ಮ್ಯಾಮತ್‌ನ ಮೂಳೆಗಳ ಜೊತೆಯಲ್ಲಿ ದೊರೆತದ್ದರಿಂದ ಇದಕ್ಕೆ ಈ ಹೆಸರು ಬಂದಿದೆ. ಬೆರಳುದ್ದದ, ಎರಡೂ ಕಡೆ ಚೆಕ್ಕೆಯೆಬ್ಬಿಸಿ ಎಲೆಯಷ್ಟು ತೆಳುವಾಗಿಸಿದ ಕಲ್ಲು. ಅಂಚುಗಳು ಕತ್ತಿಯಂತೆ ಹರಿತ, ಆದರೆ ಬುಡದ ಬಳಿ ಮಾತ್ರ ಅವನ್ನು ಉಜ್ಜಿ ಮೊಂಡಾಗಿಸಲಾಗಿರುತ್ತದೆ, ಏಕೆಂದರೆ ಭರ್ಜಿಯ ಹಿಡಿಗೆ ಬಿಗಿದು ಕಟ್ಟುವ ನಾರನ್ನು ಅಂಚು ಕತ್ತರಿಸಬಾರದು. ಬುಡದಿಂದ ಮೇಲಕ್ಕೆ, ಉದ್ದದ ಮೂರರಲ್ಲೊಂದು ಭಾಗದವರೆಗೆ, ಪೆಟ್ಟು ಹಾಕಿ ಎಬ್ಬಿಸಿದ ತೋಡೊಂದು ಇರುತ್ತದೆ. ಹಿಡಿಯ ಸೀಳಿನಲ್ಲಿ ಮೊನೆಯನ್ನು ಕೂರಿಸಲು ಮಾಡಿದ ಈ ತೋಡು ಕೆತ್ತನೆಯ ಕೊನೆಕೊನೆಯ ಹಂತಗಳಲ್ಲಿ ಬರುವ ಕೆಲಸ, ಮತ್ತು ಆ ಪೆಟ್ಟು ಕೂದಲೆಳೆಯಷ್ಟು ತಪ್ಪಿದರೂ ಅಲ್ಲಿಯವರೆಗಿನ ಶ್ರಮವೆಲ್ಲ ಎರಡು ತುಂಡಾಗಿ ಬೀಳುತ್ತದೆ. ಅಂಥ ಮುರಿದ ತುಂಡುಗಳೂ ನೆಲೆಗಳಲ್ಲಿ ಸಿಗುತ್ತವೆ. ಬಳಸಿದವರ ಭಾಷೆ, ಹೆಸರು, ಹಾಡು ಯಾವುದೂ ಉಳಿದಿಲ್ಲವಾದರೂ ಅವರ ಕೈ ತಪ್ಪಿದ ಕ್ಷಣ ಕಲ್ಲಿನಲ್ಲಿ ಉಳಿದಿದೆ.

ಲೂಯಿಸ್‌ವಿಲ್ ಒಲೆಯ ಇದ್ದಿಲನ್ನು ಹ್ಯೂಸ್ಟನ್‌ನ ಹಂಬಲ್ ಆಯಿಲ್ ಕಂಪನಿಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದರ ವಯಸ್ಸು 37,000 ವರ್ಷಕ್ಕೂ ಹೆಚ್ಚು ಎಂಬ ಉತ್ತರ ಬಂತು. ಆಗ ಬಳಸಿದ್ದು ಇಂಗಾಲ-14 ವಿಧಾನ; ಶಿಕಾಗೋ ವಿಶ್ವವಿದ್ಯಾಲಯದ ವಿಲ್ಲರ್ಡ್ ಲಿಬ್ಬಿ 1949ರಲ್ಲಿ ರೂಢಿಗೆ ತಂದ, ಅವರಿಗೆ 1960ರ ನೊಬೆಲ್ ಪ್ರಶಸ್ತಿ ತಂದುಕೊಟ್ಟ ಈ ವಿಧಾನದ ತತ್ತ್ವ ಸರಳವಾಗಿದೆ. ಗಾಳಿಯಲ್ಲಿರುವ ಇಂಗಾಲದಲ್ಲಿ ಅತ್ಯಲ್ಪ ಭಾಗ ವಿಕಿರಣಶೀಲವಾಗಿದ್ದು, ಗಿಡಮರಗಳು ಬದುಕಿರುವವರೆಗೆ ಅದನ್ನು ಹೀರಿಕೊಳ್ಳುತ್ತಲೇ ಇರುತ್ತವೆ, ಅವುಗಳನ್ನು ತಿನ್ನುವ ಪ್ರಾಣಿಗಳ ಮೈಗೂ ಅದು ಸೇರುತ್ತದೆ. ಜೀವ ಹೋದ ಗಳಿಗೆಯಿಂದ ಹೊಸದು ಬರುವುದು ನಿಂತು, ಇದ್ದದ್ದು ಪ್ರತಿ 5,730 ವರ್ಷಕ್ಕೆ ಅರ್ಧದಷ್ಟಾಗಿ ಕ್ಷಯಿಸುತ್ತ ಹೋಗುವುದರಿಂದ, ಎಷ್ಟು ಉಳಿದಿದೆ ಎಂದು ಅಳೆದರೆ ಸತ್ತು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಬಹುದು. ಲೂಯಿಸ್‌ವಿಲ್ ಇದ್ದಿಲಿನಲ್ಲಿ ಅಳೆಯಲು ಏನೂ ಉಳಿದಿರಲಿಲ್ಲ. 37,000ಕ್ಕೂ ಹೆಚ್ಚು ಎಂಬುದರ ಅರ್ಥ ಅಂದಿನ ಉಪಕರಣದ ಮಿತಿಗಿಂತ ಹಳೆಯದು ಎಂದಷ್ಟೇ.

ಇದು ಅಮೆರಿಕದ ಪುರಾತತ್ತ್ವಜ್ಞರನ್ನು ಎರಡು ಪಾಳಯಗಳಾಗಿ ಒಡೆಯಿತು. ಉತ್ತರ ಮತ್ತು ದಕ್ಷಿಣ ಅಮೆರಿಕಗಳಿಗೆ ಮನುಷ್ಯ ಬಂದದ್ದು ಹಿಮಯುಗದ ಕೊನೆಯಲ್ಲಿ, ಸೈಬೀರಿಯಾವನ್ನೂ ಅಲಾಸ್ಕಾವನ್ನೂ ಕೂಡಿಸುತ್ತಿದ್ದ ಒಣನೆಲವನ್ನು ದಾಟಿ, ಕೆನಡಾದ ಎರಡು ಹಿಮರಾಶಿಗಳು ಕರಗಿ ಹಿಂದೆ ಸರಿದಾಗ ತೆರೆದುಕೊಂಡ ಓಣಿಯ ಮೂಲಕ ಎಂಬ ಅಭಿಪ್ರಾಯ ಅದಾಗಲೇ ಗಟ್ಟಿಯಾಗುತ್ತಿತ್ತು. 1960ರ ದಶಕದಲ್ಲಿ ಬೇರೆ ನೆಲೆಗಳ ಕ್ಲೋವಿಸ್ ಪದರಗಳ ಕಾಲ ಈಗಿನ ಲೆಕ್ಕದಲ್ಲಿ ಸುಮಾರು 13,000 ವರ್ಷವೆಂದು ನಿಂತಾಗ ಆ ಅಭಿಪ್ರಾಯ ಸಿದ್ಧಾಂತವೇ ಆಯಿತು. ಹಾಗಿದ್ದರೆ ಲೂಯಿಸ್‌ವಿಲ್‌ನಲ್ಲಿ ಅದೇ ಮಾದರಿಯ ಮೊನೆ ಅದಕ್ಕೂ 24,000 ವರ್ಷ ಹಿಂದಿನ ಒಲೆಯಲ್ಲಿ ಇರಲು ಹೇಗೆ ಸಾಧ್ಯ? ಕೆಲವರು ಅಳತೆಯೇ ತಪ್ಪೆಂದರು, ಕೆಲವರು ಮೊನೆಯನ್ನು ಯಾರೋ ತಂದು ಹಾಕಿರಬೇಕೆಂದು ಶಂಕಿಸಿದರು. ಮತ್ತೆ ಅಗೆದು ನೋಡೋಣವೆಂದರೆ 1957ರ ಹೊತ್ತಿಗೆ ನೆಲೆ ನೀರಿನಡಿ ಸೇರಿತ್ತು.

ಪ್ರಶ್ನೆಗೆ ಉತ್ತರ ಕೊಟ್ಟದ್ದು ಬರಗಾಲ. 1970ರ ದಶಕದ ಕೊನೆಯಲ್ಲಿ ಮಳೆ ಕೈಕೊಟ್ಟು ಜಲಾಶಯ ಇಳಿದಾಗ ಸ್ಮಿತ್‌ಸೋನಿಯನ್ ಸಂಸ್ಥೆಯ ಡೆನಿಸ್ ಸ್ಟ್ಯಾನ್‌ಫೋರ್ಡ್ ಅವರ ತಂಡ ಅದೇ ಜಾಗವನ್ನು ಮತ್ತೆ ಶೋಧಿಸಿತು. ಒಲೆಗಳಲ್ಲಿ ಇದ್ದಿಲೆಂದು ತಿಳಿದದ್ದರಲ್ಲಿ ಲಿಗ್ನೈಟ್ ಬೆರೆತಿದೆಯೆಂಬುದು ಆಗ ಹೊರಬಿತ್ತು. ಲಿಗ್ನೈಟ್ ಎಂದರೆ ಕಂದು ಕಲ್ಲಿದ್ದಲು, ತಮಿಳುನಾಡಿನ ನೈವೇಲಿಯಲ್ಲಿ ವಿದ್ಯುತ್ತಿಗಾಗಿ ಅಗೆಯುವಂಥದ್ದು. ಆ ಭಾಗದ ಪ್ರಾಚೀನ ಶಿಲಾಸ್ತರಗಳಲ್ಲಿ ಅದು ಹೊರಗೇ ಕಾಣುವಂತೆ ಸಿಗುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಸಸ್ಯಗಳ ಇಂಗಾಲವಾದ್ದರಿಂದ ಅದರಲ್ಲಿ ಇಂಗಾಲ-14ರ ಲವಲೇಶವೂ ಇರುವುದಿಲ್ಲ. ಒಲೆಯ ಮಾದರಿಯಲ್ಲಿ ಅರ್ಧದಷ್ಟು ಲಿಗ್ನೈಟ್ ಬೆರೆತರೆ ಲೆಕ್ಕ ಸುಮಾರು 5,700 ವರ್ಷ ಹಿಂದಕ್ಕೆ ಜಿಗಿಯುತ್ತದೆ. ಹೆಚ್ಚುಕಡಿಮೆ ಪೂರ್ತಿ ಅದೇ ಆಗಿದ್ದರೆ ಉಪಕರಣದ ಮಿತಿಯನ್ನೇ ದಾಟುತ್ತದೆ. ಉಪಕರಣ ಸುಳ್ಳು ಹೇಳಿರಲಿಲ್ಲ, ಅಗೆದವರೂ ಮೋಸ ಮಾಡಿರಲಿಲ್ಲ. ಅಳೆದದ್ದು ಉರುವಲಿನ ವಯಸ್ಸನ್ನು, ತಿಳಿಯಬೇಕಾಗಿದ್ದದ್ದು ಬೆಂಕಿಯ ವಯಸ್ಸನ್ನು.

ಹಳೆಯ ವಾದವನ್ನು ಕೆಡವಿದ ಈ ಶೋಧ ಅದರ ಜಾಗದಲ್ಲಿ ಇನ್ನೊಂದು ವಿಷಯವನ್ನು ಕೊಟ್ಟಿತು, ಮತ್ತು ಅದು ಮೊದಲಿನದಕ್ಕಿಂತ ಬೆಲೆಯುಳ್ಳದ್ದು. ಹಿಮಯುಗದ ಟೆಕ್ಸಾಸ್‌ನಲ್ಲಿ ನಡೆದಾಡಿದ ಈ ಜನರನ್ನು ಅದುವರೆಗೆ ಮ್ಯಾಮತ್ ಬೇಟೆಯ ವೀರರೆಂದಷ್ಟೇ ಚಿತ್ರಿಸಲಾಗುತ್ತಿತ್ತು. ನೆಲದಿಂದ ಹೊರಚಾಚಿದ ಕಂದು ಬಣ್ಣದ ಕಲ್ಲು ಉರಿಯುತ್ತದೆ, ಅದನ್ನು ಒಲೆಗೆ ಹಾಕಬಹುದು ಎಂದು ತಿಳಿದುಕೊಂಡಿದ್ದ, ಸುತ್ತಲಿನ ನೆಲವನ್ನು ಮನೆಯಂಗಳದಂತೆ ಬಲ್ಲ ಜನ ಅವರೆಂಬುದು ಈ ಬೂದಿಯಿಂದ ಗೊತ್ತಾಗುತ್ತದೆ. ಒಂದು ತಪ್ಪು ಲೆಕ್ಕವನ್ನು ಬೆನ್ನುಹತ್ತದೆ ಬಿಟ್ಟಿದ್ದರೆ ಈ ಸಂಗತಿ ಎಂದೂ ತಿಳಿಯುತ್ತಿರಲಿಲ್ಲ.

ಇದೇ ನದಿಯ ಇನ್ನೂ ಮೇಲಿನ ಭಾಗದಲ್ಲಿ, ರೇ ರಾಬರ್ಟ್ಸ್ ಅಣೆಕಟ್ಟಿನ ಕಾಮಗಾರಿಗೆಂದು ಕಡಿದ ಕಾಲುವೆಯಲ್ಲಿ 1988ರಲ್ಲಿ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯದ ರೀಡ್ ಫೆರಿಂಗ್ ಗುರುತಿಸಿದ ಆಬ್ರಿ ನೆಲೆ, ಲೂಯಿಸ್‌ವಿಲ್‌ನಂತಹ ಗೊಂದಲವಿಲ್ಲದೆ ಕ್ಲೋವಿಸ್ ಕಾಲವನ್ನು ಎಲ್ಮ್ ಫೋರ್ಕ್ ದಂಡೆಗೆ ಖಚಿತಪಡಿಸಿಕೊಟ್ಟಿತು. ಅದು ನೆಲಮಟ್ಟದಿಂದ ಸುಮಾರು 8 ಮೀಟರ್ ಆಳದಲ್ಲಿತ್ತು. ಅಂದರೆ ಆ ಜನ ಕೂತು ಎದ್ದು ಹೋದ ಮೇಲೆ ನದಿ ಎರಡಂತಸ್ತಿನ ಮನೆ ಮುಳುಗುವಷ್ಟು ಮೆಕ್ಕಲನ್ನು ಅವರ ಜಾಗದ ಮೇಲೆ ಹೊದಿಸಿತ್ತು. ಸುಮಾರು 13,400 ವರ್ಷ ಹಿಂದಿನದೆಂದು ಲೆಕ್ಕಹಾಕಲಾಗಿರುವ ಆ ನೆಲೆಯಲ್ಲಿ ಬೈಸನ್ ಎಂಬ ಕಾಡುದನದ ಮೂಳೆಗಳೂ, ದೂರದ ಪ್ರದೇಶಗಳಿಂದ ಹೊತ್ತು ತಂದ ಕಲ್ಲಿನ ಸಾವಿರಾರು ಚೆಕ್ಕೆಗಳೂ ದೊರೆತವು. ಡಲ್ಲಾಸ್ ಸುತ್ತಿನ ನದಿಬಯಲುಗಳಲ್ಲಿ ಇಂಥ ಹಳೆಯ ನೆಲೆಗಳು ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆಗೂ ಇದರಲ್ಲಿಯೇ ಉತ್ತರವಿದೆ: ಅವು ಇಲ್ಲವೆಂದಲ್ಲ, ಆಳದಲ್ಲಿವೆ.

ಉರಿದದ್ದು ಏನು ಎಂಬ ಇದೇ ಪ್ರಶ್ನೆ ಕನ್ನಡನಾಡಿನ ಪ್ರಾಚೀನ ಚರಿತ್ರೆಯ ಬಾಗಿಲನ್ನೂ ತೆರೆದಿದೆ ಎಂಬುದು ಕನ್ನಡದ ಓದುಗರು ನೆನೆಯಬೇಕಾದ ಸಂಗತಿ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯ ಬಳಿಯೂ, ಹಂಪಿಗೆ ಸಮೀಪದ ನಿಂಬಾಪುರದಲ್ಲಿಯೂ, ರಾಯಚೂರು, ಯಾದಗಿರಿಗಳ ಅನೇಕ ಕಡೆಗಳಲ್ಲಿಯೂ ಬೂದಿಯ ದಿಬ್ಬಗಳಿವೆ. ಕೆಲವು ಕಡೆ ಆ ಬೂದಿ ಕರಗಿ ಹೆಪ್ಪುಗಟ್ಟಿ ಕಬ್ಬಿಣದ ಕಿಟ್ಟದಂತೆ ಗಟ್ಟಿಯಾಗಿದೆ. ಕುಡತಿನಿಯ ದಿಬ್ಬ ಭೀಮ ಕೊಂದ ಹಿಡಿಂಬಾಸುರನ ಅವಶೇಷವೆಂದೂ, ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿಯೆಂದೂ ಜನ ನಂಬಿದ್ದರು. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಲ್ಲಿ ಕೆಲವರು ಇವನ್ನು ಜ್ವಾಲಾಮುಖಿಯ ಕೆಲಸವೆಂದರು, ಕೆಲವರು ಲೋಹ ಕರಗಿಸಿದ ಕುಲುಮೆಯ ಕಸವೆಂದರು. ಭೂವಿಜ್ಞಾನ ಇಲಾಖೆಯಲ್ಲಿದ್ದು ದಕ್ಷಿಣ ಭಾರತದ ಶಿಲಾಯುಗದ ಅಧ್ಯಯನಕ್ಕೆ ತಳಹದಿ ಹಾಕಿದ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ಸುಟ್ಟ ಸಗಣಿಯೆಂದು ಹೇಳಿದರು. ಅವರ ಮಾತು ಪೂರ್ತಿ ಒಪ್ಪಿತವಾಗಲು ಹಲವು ದಶಕಗಳೇ ಹಿಡಿದವು.

ರಾಯಚೂರಿನಾಚೆ, ಇಂದಿನ ತೆಲಂಗಾಣಕ್ಕೆ ಸೇರಿರುವ ಉಟ್ನೂರಿನಲ್ಲಿ 1957ರಲ್ಲಿ ರೇಮಂಡ್ ಆಲ್ಚಿನ್ ಒಂದು ಬೂದಿದಿಬ್ಬವನ್ನು ಪದರಪದರವಾಗಿ ಬಿಡಿಸಿದಾಗ ಸುತ್ತ ನೆಟ್ಟಿದ್ದ ಗೂಟಗಳ ಕುಳಿಗಳೂ, ಒಳಗಿನ ನೆಲದಲ್ಲಿ ದನಗಳ ಗೊರಸಿನ ಗುರುತುಗಳೂ ಕಾಣಿಸಿದವು. ದನದ ದೊಡ್ಡಿಯಲ್ಲಿ ವರ್ಷಗಟ್ಟಲೆ ಸೇರಿದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟುದರಿಂದ ಎದ್ದ ದಿಬ್ಬ ಅದು. ಹಸಿಮಣ್ಣನ್ನು ತುಳಿದ ದನಗಳ ಹೆಜ್ಜೆ ನಾಲ್ಕು ಸಾವಿರ ವರ್ಷ ಬೂದಿಯ ಹೊದಿಕೆಯಲ್ಲಿ ಉಳಿದುಕೊಂಡಿತ್ತು. ಆಮೇಲೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನ ದಿಬ್ಬದ ಪಕ್ಕದಲ್ಲಿಯೇ ಜನರ ವಾಸದ ನೆಲೆಯನ್ನೂ, ಪ್ರಾಣಿಗಳನ್ನು ಕಡಿದು ಹಂಚುತ್ತಿದ್ದ ಜಾಗವನ್ನೂ, ಕಲ್ಲಿನ ಆಯುಧ ತಯಾರಿಸುತ್ತಿದ್ದ ಜಾಗವನ್ನೂ ತೋರಿಸಿತು. ಹಿಡಿಂಬಾಸುರನ ದಿಬ್ಬ ಹೀಗೆ ನವಶಿಲಾಯುಗದ, ಅಂದರೆ ನಯಗೊಳಿಸಿದ ಕಲ್ಲಿನ ಕೊಡಲಿ ಹಿಡಿದು ದನ ಸಾಕಿ ಬೇಸಾಯಕ್ಕೆ ತೊಡಗಿದ್ದ ಕಾಲದ, ಒಕ್ಕಲುಮಕ್ಕಳ ದೊಡ್ಡಿಯಾಯಿತು. ಪುರಾಣಕ್ಕೆ ಇದರಿಂದ ನಷ್ಟವೇನೂ ಇಲ್ಲ. ಚರಿತ್ರೆಗೆ ಆದ ಲಾಭ ಬಹಳ ದೊಡ್ಡದು.

ಕಾಲದ ಲೆಕ್ಕ ತಪ್ಪುವುದು ಯಾವಾಗಲೂ ಲೂಯಿಸ್‌ವಿಲ್‌ನಲ್ಲಿ ಆದಂತೆ ಹಿಂದಕ್ಕೇ ಅಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ನಡೆಸಿದ ಪ್ರಸಿದ್ಧ ಉತ್ಖನನದಲ್ಲಿ, ಕೆಳಗೆ ಕಲ್ಲಿನ ಕೊಡಲಿಯವರು, ಅವರ ಮೇಲೆ ದೊಡ್ಡ ಬಂಡೆಗಳಿಂದ ಸಮಾಧಿ ಕಟ್ಟುತ್ತಿದ್ದ ಬೃಹತ್ ಶಿಲಾಸಂಸ್ಕೃತಿಯವರು, ಅವರ ಮೇಲೆ ಶಾತವಾಹನರ ಕಾಲದವರು ಎಂಬ ಪದರಗಳ ಕ್ರಮ ಮೊದಲ ಸಲ ಸ್ಪಷ್ಟವಾಯಿತು. ಆ ಕ್ರಮ ಇಂದಿಗೂ ನಿಂತಿದೆ. ಆದರೆ ಇಂಗಾಲ-14 ವಿಧಾನ ಇನ್ನೂ ಬಾರದಿದ್ದ ಕಾಲದಲ್ಲಿ ವೀಲರ್ ಮೇಲಿನ ಪದರದ ಮಡಕೆಚೂರುಗಳಿಂದ ಕೆಳಗಿನವುಗಳ ಕಾಲವನ್ನು ಊಹಿಸಿ, ಕಲ್ಲಿನ ಕೊಡಲಿಯವರನ್ನು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನಕ್ಕೆ ತಂದು ನಿಲ್ಲಿಸಿದರು. ಉಟ್ನೂರು, ತೆಕ್ಕಲಕೋಟೆ ಮೊದಲಾದ ನೆಲೆಗಳ ಇದ್ದಿಲು ಮಾತಾಡತೊಡಗಿದ ಮೇಲೆ ದಕ್ಷಿಣದ ನವಶಿಲಾಯುಗದ ಆರಂಭ ಕ್ರಿಸ್ತಪೂರ್ವ 3000ದ ಸುತ್ತಮುತ್ತಲಿಗೆ ಸರಿಯಿತು. ಟೆಕ್ಸಾಸ್‌ನಲ್ಲಿ ಇದ್ದಿಲು ದಾರಿ ತಪ್ಪಿಸಿತು, ಕರ್ನಾಟಕದಲ್ಲಿ ದಾರಿ ತೋರಿಸಿತು.

ಈಗ ಮತ್ತೆ ಟೆಕ್ಸಾಸ್‌ಗೆ ಬಂದರೆ, ಕ್ಲೋವಿಸ್ ಜನರೇ ಮೊದಲಿಗರು ಎಂಬ ಸಿದ್ಧಾಂತ ಲೂಯಿಸ್‌ವಿಲ್‌ನಿಂದ ಪಾರಾದರೂ ಬೇರೆ ಕಡೆಗಳಿಂದ ಅಲುಗಾಡತೊಡಗಿತ್ತು. ದಕ್ಷಿಣ ಅಮೆರಿಕದ ಚಿಲಿ ದೇಶದ ಮಾಂಟೆ ವರ್ಡೆಯಲ್ಲಿ ಟಾಮ್ ಡಿಲ್ಲೆಹೇ 1970ರ ದಶಕದಿಂದ ಅಗೆದು, ಕ್ಲೋವಿಸ್‌ಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ವಸತಿ ಇದೆಂದು ವಾದಿಸುತ್ತಿದ್ದರು. ಈ ವಾದವನ್ನು ಒಪ್ಪದವರೂ ಸೇರಿದ್ದ ತಜ್ಞರ ಗುಂಪೊಂದು 1997ರ ಜನವರಿಯಲ್ಲಿ ಸ್ಥಳಕ್ಕೆ ಹೋಗಿ, ವಸ್ತುಗಳನ್ನೂ ಪದರಗಳನ್ನೂ ಕಣ್ಣಾರೆ ಕಂಡು, ಒಪ್ಪಿಗೆಯ ತೀರ್ಮಾನಕ್ಕೆ ಬಂದಿತು. ಈ ಪ್ರಯಾಣದ ವೆಚ್ಚವನ್ನು ಹೊತ್ತವರಲ್ಲಿ ಡಲ್ಲಾಸ್‌ನ ಅಂದಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯವೂ, ಮುಂದಾಳುಗಳಲ್ಲಿ ಡಲ್ಲಾಸ್‌ನದೇ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಡೇವಿಡ್ ಮೆಲ್ಟ್‌ಜರ್ ಅವರೂ ಇದ್ದರು. ವಿರೋಧಿಗಳನ್ನು ಕರೆದೊಯ್ದು ಗುಂಡಿಯ ಅಂಚಿನಲ್ಲಿ ನಿಲ್ಲಿಸಿ ನೀವೇ ನೋಡಿ ಎನ್ನುವ ಈ ಪದ್ಧತಿ ಅಮೆರಿಕದ ಪುರಾತತ್ತ್ವದಲ್ಲಿ ಹೊಸದೇನಲ್ಲ. 1927ರಲ್ಲಿ ನ್ಯೂ ಮೆಕ್ಸಿಕೋದ ಫೋಲ್ಸಮ್‌ನಲ್ಲಿ ಅಳಿದುಹೋದ ಬೈಸನ್ನಿನ ಪಕ್ಕೆಲುಬುಗಳ ನಡುವೆ ಭರ್ಜಿಮೊನೆ ಸಿಕ್ಕಾಗಲೂ ಅದನ್ನು ಕೀಳದೆ ಹಾಗೆಯೇ ಬಿಟ್ಟು ತಜ್ಞರಿಗೆ ತಂತಿ ಕಳಿಸಲಾಗಿತ್ತು. ಆ ಮೂಳೆಗಳನ್ನು 1908ರ ನೆರೆಯ ನಂತರ ಮೊದಲು ಗುರುತಿಸಿದ ಜಾರ್ಜ್ ಮಕ್‌ಜಂಕಿನ್, ಟೆಕ್ಸಾಸ್‌ನಲ್ಲಿ ಗುಲಾಮನಾಗಿ ಹುಟ್ಟಿ ಬಿಡುಗಡೆ ಪಡೆದು ದನಗಾಹಿಯಾದ ಕರಿಯ ಮನುಷ್ಯ. ವಿದ್ವಾಂಸರು ಬರುವ ಹೊತ್ತಿಗೆ ಅವರು ತೀರಿಕೊಂಡು ನಾಲ್ಕೈದು ವರ್ಷವಾಗಿತ್ತು. ಮಾನವ ಚರಿತ್ರೆಯ ಪುಟ ತಿರುವಿದವರ ಪಟ್ಟಿಯಲ್ಲಿ ಅವರ ಹೆಸರು ಮೊದಲ ಸಾಲಿನಲ್ಲಿರಬೇಕು.

ಕ್ಲೋವಿಸ್‌ಗಿಂತ ಹಿಂದಿನ ಕಾಲದ ಬಗ್ಗೆ ಟೆಕ್ಸಾಸ್‌ನ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಆಸ್ಟಿನ್‌ನಿಂದ ಉತ್ತರಕ್ಕೆ ಒಂದು ಗಂಟೆಯ ದಾರಿಯಲ್ಲಿ, ಬಟರ್‌ಮಿಲ್ಕ್ ಕ್ರೀಕ್ ಎಂಬ ಸಣ್ಣ ಹಳ್ಳದ ಬದಿಯಲ್ಲಿದೆ. ವರ್ಷವಿಡೀ ನೀರು, ಆಯುಧಕ್ಕೆ ಹೇಳಿಮಾಡಿಸಿದಂತಹ ಚರ್ಟ್ ಕಲ್ಲು, ಬೆಟ್ಟವೂ ಬಯಲೂ ಸೇರುವ ಜಾಗ ಇವು ಮೂರೂ ಇದ್ದದ್ದರಿಂದ ಜನ ಸಾವಿರಾರು ವರ್ಷ ಅಲ್ಲಿಗೆ ಬರುತ್ತಲೇ ಇದ್ದರು. ಗಾಲ್ಟ್ ಎಂದು ಕರೆಯುವ ಈ ನೆಲೆಯನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಜೆ. ಇ. ಪಿಯರ್ಸ್ 1929ರಲ್ಲಿ ಮೊದಲು ಅಗೆದರು. ಆಮೇಲೆ ಹಲವು ದಶಕ ಅದು ದುಡ್ಡು ಕೊಟ್ಟವರು ಬಾಣದ ಮೊನೆಗಳಿಗಾಗಿ ಅಗೆದುಕೊಳ್ಳುವ ಜಾಗವಾಗಿ, ಮೇಲಿನ ಪದರಗಳೆಲ್ಲ ಕಲಸುಮೇಲೋಗರವಾದವು. ಆ ದಿನಗಳಲ್ಲಿ ಹೊತ್ತುಕೊಂಡು ಹೋದ ಸಾವಿರಾರು ಮೊನೆಗಳು ಇಂದು ಯಾರ ಯಾರದೋ ಮನೆಯ ಗಾಜಿನ ಪೆಟ್ಟಿಗೆಗಳಲ್ಲಿರಬಹುದು. ಯಾವುದು ಯಾವ ಆಳದಲ್ಲಿತ್ತೆಂದು ಹೇಳುವವರಿಲ್ಲದ್ದರಿಂದ ಅವು ಈಗ ಚಂದದ ಕಲ್ಲುಗಳು ಮಾತ್ರ. ಪುಣ್ಯಕ್ಕೆ ಅಗೆಯುವವರು ಕೆಳಗಿನ ಪದರಗಳನ್ನು ಮುಟ್ಟಿರಲಿಲ್ಲ. 1990ರ ದಶಕದಿಂದ ಅಲ್ಲಿ ದುಡಿದ ಮೈಕೆಲ್ ಕಾಲಿನ್ಸ್ 2007ರಲ್ಲಿ ಆ ಜಮೀನನ್ನು ತಮ್ಮ ಸ್ವಂತ ಹಣದಿಂದ ಕೊಂಡು, ಪುರಾತತ್ತ್ವ ನೆಲೆಗಳನ್ನು ಕಾಯುವ ಸಂಸ್ಥೆಗೆ ದಾನವಾಗಿ ಕೊಟ್ಟುಬಿಟ್ಟರು. ವಿದ್ವತ್ತು ಅಂದರೆ ಹೀಗಿರಬೇಕು.

ಗಾಲ್ಟ್‌ಗೆ ಕೂಗಳತೆಯ ದೂರದಲ್ಲಿಯೇ ಇರುವ ಫ್ರೀಡ್ಕಿನ್ ನೆಲೆಯಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಮೈಕೆಲ್ ವಾಟರ್ಸ್ ತಂಡ ಕ್ಲೋವಿಸ್ ಪದರದ ಕೆಳಗೆ 15,528 ಕಲ್ಲಿನ ವಸ್ತುಗಳನ್ನು ಕಂಡು, ಅವುಗಳ ಕಾಲ 15,500 ವರ್ಷದವರೆಗೆ ಹಿಂದಕ್ಕೆ ಹೋಗುತ್ತದೆಂದು 2011ರಲ್ಲಿ ಪ್ರಕಟಿಸಿತು. ಗಾಲ್ಟ್‌ನ ಕೆಳಪದರಗಳ ಕಾಲ 16,000 ವರ್ಷಕ್ಕೂ ಹಿಂದಿನದೆಂಬ ವರದಿ 2018ರಲ್ಲಿ ಬಂತು. ಅಲ್ಲಿ ಇಂಗಾಲ ಸಿಗುವುದು ಕಷ್ಟವಾದ್ದರಿಂದ ಬಳಸಿದ್ದು ಬೇರೆಯ ವಿಧಾನ: ಬೆಣಚುಕಲ್ಲಿನ ಮರಳಕಣ ಮಣ್ಣಿನಡಿ ಸೇರಿ ಕತ್ತಲಲ್ಲಿ ಇರುವಷ್ಟು ಕಾಲವೂ ಸುತ್ತಲಿನ ವಿಕಿರಣದಿಂದ ಶಕ್ತಿಯನ್ನು ತನ್ನೊಳಗೆ ಕೂಡಿಡುತ್ತದೆ, ಬೆಳಕು ತಾಗಿದೊಡನೆ ಅದನ್ನು ಬಿಟ್ಟುಕೊಡುತ್ತದೆ, ಪ್ರಯೋಗಾಲಯದ ಕತ್ತಲಕೋಣೆಯಲ್ಲಿ ಆ ಮಿನುಗನ್ನು ಅಳೆದರೆ ಆ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ತಿಳಿಯುತ್ತದೆ.

ಇಲ್ಲಿಯೂ ಆಕ್ಷೇಪ ಬಂತು, ಮತ್ತು ಅದು ನ್ಯಾಯವಾದದ್ದೇ ಆಗಿತ್ತು. ಮಧ್ಯ ಟೆಕ್ಸಾಸ್‌ನ ಜೇಡಿಮಣ್ಣು ಬೇಸಿಗೆಯಲ್ಲಿ ಬಿರುಕುಬಿಡುತ್ತದೆ. ಡಲ್ಲಾಸ್ ಸುತ್ತಿನ ಕನ್ನಡ ಕುಟುಂಬಗಳಿಗೂ ಇದು ಗೊತ್ತಿರುವ ವಿಷಯ, ಏಕೆಂದರೆ ಅಲ್ಲಿನ ಕಪ್ಪು ಜೇಡಿ ಒಣಗಿ ಕುಗ್ಗಿ ಮನೆಯ ತಳಪಾಯ ಸೀಳದಿರಲೆಂದು ಬೇಸಿಗೆಯಲ್ಲಿ ಗೋಡೆಯ ಬುಡಕ್ಕೆ ನೀರು ಹಾಯಿಸುವುದು ವಾಡಿಕೆ. ಧಾರವಾಡ, ಬಳ್ಳಾರಿಗಳ ಎರೆಹೊಲ ಕಂಡವರಿಗಂತೂ ಏಪ್ರಿಲ್ಲಿನಲ್ಲಿ ಕೈ ಇಳಿಯುವಷ್ಟು ಅಗಲವಾಗುವ ಬಿರುಕುಗಳ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಮೇಲಿನ ಪದರದ ಚೆಕ್ಕೆಗಳು ಇಂಥ ಬಿರುಕಿನಲ್ಲಿ ಜಾರಿ ಕೆಳಗೆ ಸೇರಿರಬಾರದೇಕೆ ಎಂಬುದು ಪ್ರಶ್ನೆ. ಹಾಗೆ ಜಾರಿದ್ದರೆ ಸಣ್ಣ ಚೂರುಗಳು ಆಳಕ್ಕೂ ದೊಡ್ಡವು ಮೇಲಕ್ಕೂ ಬೇರ್ಪಟ್ಟಿರಬೇಕಿತ್ತು. ಸಿಕ್ಕಿದ್ದರಲ್ಲಿ ಅಂಥ ವಿಂಗಡಣೆ ಇರಲಿಲ್ಲ, ಮರಳಕಣಗಳ ಕಾಲವೂ ಮೇಲಿಂದ ಕೆಳಕ್ಕೆ ಕ್ರಮವಾಗಿಯೇ ಹಿಂದಕ್ಕೆ ಹೋಗುತ್ತಿತ್ತು. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಮನುಷ್ಯರ ಹೆಜ್ಜೆಗುರುತುಗಳು 21,000ದಿಂದ 23,000 ವರ್ಷ ಹಿಂದಿನವೆಂದು 2021ರಲ್ಲಿ ಪ್ರಕಟವಾದಾಗ, ಕಾಲ ಅಳೆಯಲು ಬಳಸಿದ ನೀರುಗಿಡದ ಬೀಜಗಳು ನೀರಿನಲ್ಲಿ ಕರಗಿದ ಹಳೆಯ ಇಂಗಾಲವನ್ನು ಹೀರಿರಬಹುದೆಂಬ ಸಂದೇಹ ಎದ್ದದ್ದೂ, ಸಂಶೋಧಕರು ನೆಲದ ಮೇಲೆ ಬೆಳೆಯುವ ಮರಗಳ ಪರಾಗವನ್ನೂ ಮರಳಕಣಗಳನ್ನೂ ಅಳೆದು 2023ರಲ್ಲಿ ಅದಕ್ಕೆ ಉತ್ತರಿಸಿದ್ದೂ ಲೂಯಿಸ್‌ವಿಲ್ ಕಲಿಸಿದ ಪಾಠದ ಮುಂದುವರಿಕೆಯೇ. ಈ ಎಲ್ಲ ನೆಲೆಗಳ ಒಟ್ಟು ಪರಿಣಾಮವಾಗಿ, ಹಿಮದ ನಡುವಿನ ಓಣಿ ತೆರೆಯುವ ಮೊದಲೇ ಜನ ದಕ್ಷಿಣಕ್ಕೆ ಬಂದಿದ್ದರೆಂದೂ, ಬಹುಶಃ ಶಾಂತಸಾಗರದ ಕರಾವಳಿಗುಂಟ ಬಂದರೆಂದೂ ಹೆಚ್ಚಿನ ವಿದ್ವಾಂಸರು ಈಗ ಭಾವಿಸುತ್ತಾರೆ.

ಪುರಾತತ್ತ್ವದ ಕೆಲಸ ಅತಿ ಪ್ರಾಚೀನ ಕಾಲಕ್ಕೇ ಸೀಮಿತವೆಂಬ ತಿಳಿವಳಿಕೆಯನ್ನೂ ಟೆಕ್ಸಾಸ್ ತಿದ್ದುತ್ತದೆ. ಹ್ಯೂಸ್ಟನ್‌ನ ನೈಋತ್ಯಕ್ಕಿರುವ, ಭಾರತೀಯರು ಬಹಳವಾಗಿ ನೆಲೆಸಿರುವ ಶುಗರ್ ಲ್ಯಾಂಡ್‌ನಲ್ಲಿ 2018ರಲ್ಲಿ ಶಾಲೆಯೊಂದರ ಕಟ್ಟಡಕ್ಕೆ ನೆಲ ಅಗೆಯುವಾಗ ಗುರುತಿನ ಕಲ್ಲುಗಳಿಲ್ಲದ 95 ಸಮಾಧಿಗಳು ಬೆಳಕಿಗೆ ಬಂದವು. ಗುಲಾಮಗಿರಿಯನ್ನು ರದ್ದುಮಾಡಿದ 1865ರ ಸಂವಿಧಾನ ತಿದ್ದುಪಡಿ ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸುವುದನ್ನು ಮಾತ್ರ ಹೊರತುಪಡಿಸಿತ್ತು. ಆ ಕಿಂಡಿಯನ್ನು ಬಳಸಿ ಕೈದಿಗಳನ್ನು, ಅವರಲ್ಲಿ ಬಹುಪಾಲು ಕರಿಯರನ್ನು, ಕಬ್ಬಿನ ತೋಟಗಳಿಗೆ ಬಾಡಿಗೆಗೆ ಕೊಡುವ ಪದ್ಧತಿ 1870ರ ದಶಕದಿಂದ 1910ರ ಸುಮಾರಿನವರೆಗೆ ನಡೆಯಿತು. ಸಿಕ್ಕ ಮೂಳೆಗಳಲ್ಲಿ ಹದಿನಾಲ್ಕರ ಹರೆಯದವರಿಂದ ಎಪ್ಪತ್ತರ ಮುದುಕರವರೆಗಿನವರದು ಇದ್ದವು, ಮೀರಿ ದುಡಿದು ತಿರುಚಿದ ಎಲುಬುಗಳಿದ್ದವು, ಸರಪಳಿಗಳೂ ಇದ್ದವು. ಜೈಲಿನ ಕಾವಲುಗಾರರಾಗಿದ್ದು ಆಮೇಲೆ ಈ ಚರಿತ್ರೆಯನ್ನು ಕೆದಕಿದ ರೆಜಿನಾಲ್ಡ್ ಮೂರ್ ಅಲ್ಲಿ ಹೆಣಗಳನ್ನು ಹೂಳಲಾಗಿದೆಯೆಂದು ವರ್ಷಗಟ್ಟಲೆ ಹೇಳುತ್ತ ಬಂದಿದ್ದರು. ಡಲ್ಲಾಸ್‌ನಲ್ಲಿಯೂ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇ ಹೆದ್ದಾರಿಯನ್ನು ಅಗಲಗೊಳಿಸುವ ಮೊದಲು 1990ರ ದಶಕದ ಆರಂಭದಲ್ಲಿ, ಬಿಡುಗಡೆಯಾದ ಗುಲಾಮರ ಫ್ರೀಡ್‌ಮನ್ಸ್ ಸ್ಮಶಾನದಿಂದ 1,100ಕ್ಕೂ ಹೆಚ್ಚು ಜನರ ಅವಶೇಷಗಳನ್ನು ಗೌರವದಿಂದ ತೆಗೆದು ಮತ್ತೆ ಮಣ್ಣುಮಾಡಬೇಕಾಯಿತು. ಅದೇ ಸ್ಮಶಾನದ ಒಂದು ಭಾಗದ ಮೇಲೆ ದಶಕಗಳ ಹಿಂದೆ ರಸ್ತೆ ಹಾಸಿದಾಗ ಯಾರೂ ಅಂಥ ಯೋಚನೆ ಮಾಡಿರಲಿಲ್ಲ. ಕಾಗದಪತ್ರಗಳನ್ನು ಬರೆದವರು ಬಿಟ್ಟುಬಿಟ್ಟ ಜನರನ್ನು ಮಣ್ಣು ಬಿಟ್ಟಿರಲಿಲ್ಲ.

ಮಣ್ಣಿನ ಈ ದಾಖಲೆಯನ್ನು ಒಮ್ಮೆ ಮಾತ್ರ ಓದಬಹುದು. ಅಗೆದ ಪದರವನ್ನು ಮತ್ತೆ ಕೂಡಿಸಲು ಬರುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ನೀರು ಇಳಿದ ಲೂಯಿಸ್‌ವಿಲ್ ಜಲಾಶಯದ ದಂಡೆಯಲ್ಲಿ ನಡೆಯುವವರಿಗೆ, ರಜೆಗೆ ಊರಿಗೆ ಹೋದಾಗ ಸಂಗನಕಲ್ಲು, ಮಸ್ಕಿ, ಹಿರೇಬೆಣಕಲ್ ಬೆಟ್ಟಗಳನ್ನು ಹತ್ತುವವರಿಗೆ ಒಂದು ಬೇಡಿಕೆ. ಕೆತ್ತಿದ ಕಲ್ಲೋ ಮಡಕೆಯ ಚೂರೋ ಕಂಡರೆ ಎತ್ತಿ ಜೇಬಿಗೆ ಹಾಕಬಾರದು. ಇರುವಲ್ಲಿಯೇ ಬಿಟ್ಟು, ಫೋಟೋ ತೆಗೆದು, ಜಾಗವನ್ನು ಗುರುತಿಟ್ಟು, ಟೆಕ್ಸಾಸ್‌ನಲ್ಲಾದರೆ ಆಸ್ಟಿನ್‌ನ ಟೆಕ್ಸಾಸ್ ಹಿಸ್ಟಾರಿಕಲ್ ಕಮಿಷನ್ನಿಗೂ ಕರ್ನಾಟಕದಲ್ಲಾದರೆ ಪುರಾತತ್ತ್ವ ಇಲಾಖೆಗೂ ತಿಳಿಸಬೇಕು. ಲೂಯಿಸ್‌ವಿಲ್‌ನ ಒಲೆಗಳು ಈಗ ಮತ್ತೆ ನೀರಿನಡಿಯಲ್ಲಿವೆ.